ಪಾಂಡೆರೋಸಾ ನಕ್ಷೆಯ ಉತ್ತರ ದಿಕ್ಕು

ಭೂಪಟ ಬರೆದು ಉತ್ತರ ದಿಕ್ಕನ್ನು ಗುರುತಿಸದೆ ಬಿಟ್ಟವರಿಗೆ ನಾನು ಒಂದು ಅಂಕ ಕಳೆಯುತ್ತಿದ್ದುದು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಇನ್ನೂ ನೆನಪಿರಬಹುದು. ಅಂಥ ನನಗೆ, ಒಂದು ದೇಶದ ಜನರೆಲ್ಲ ಹದಿನಾಲ್ಕು ವರ್ಷ ಕಾಲ ವಾರವಾರವೂ ನೋಡಿದ ನಕ್ಷೆಯಲ್ಲಿಯೇ ದಿಕ್ಕು ತಪ್ಪಿತ್ತೆಂದು ತಿಳಿದಾಗ ಆದ ಸಂತೋಷವನ್ನು ಏನೆಂದು ಹೇಳಲಿ!

ಅದು ಅಮೆರಿಕದ ದೂರದರ್ಶನದಲ್ಲಿ 1959ರಿಂದ 1973ರವರೆಗೆ ಪ್ರಸಾರವಾದ ‘ಬೊನಾಂಜಾ’ ಧಾರಾವಾಹಿಯ ನಕ್ಷೆ. ನೆವಾಡಾದ ಟಾಹೋ ಸರೋವರದ ಬಳಿ ಪಾಂಡೆರೋಸಾ ಎಂಬ ವಿಶಾಲವಾದ ಜಾನುವಾರು ಎಸ್ಟೇಟು. ಅದರ ಒಡೆಯ ಬೆನ್ ಕಾರ್ಟ್‌ರೈಟ್, ಅವನ ಮೂವರು ಮಡದಿಯರಿಂದ ಹುಟ್ಟಿದ ಮೂವರು ಮಕ್ಕಳು. ಪ್ರತಿ ಕಂತಿನ ಆರಂಭದಲ್ಲಿ ಈ ಸೀಮೆಯ ನಕ್ಷೆ ನಡುವಿನಿಂದ ಹೊತ್ತಿ ಉರಿಯುತ್ತದೆ, ಉರಿದ ರಂಧ್ರದಿಂದ ಸವಾರರು ಕುದುರೆಯೇರಿ ಬರುತ್ತಾರೆ. ಚಿತ್ರಕಾರ ರಾಬರ್ಟ್ ಟೆಂಪಲ್ ಏರ್ಸ್ ಬರೆದ ಆ ನಕ್ಷೆಯಲ್ಲಿ, ಕಾರ್ಸನ್ ಸಿಟಿಗೆ ಉತ್ತರದಲ್ಲಿರುವ ರೀನೋ ಪಟ್ಟಣ ಪಶ್ಚಿಮಕ್ಕೆ ಬಂದು ಕುಳಿತಿತ್ತು. ನಿರ್ಮಾಪಕ ಡೇವಿಡ್ ಡಾರ್ಟಾರ್ಟ್ ನಕ್ಷೆಯನ್ನು ಮೆಚ್ಚಿದರೂ ದಿಕ್ಕು ತಪ್ಪಿದೆ ಎಂದರು. ಪರಿಹಾರವೇನು ಗೊತ್ತೇ? ಮುಂದೆ ಅದರ ಮೇಲೆ ಒಂದು ದಿಕ್ಸೂಚಿಯನ್ನು ಓರೆಯಾಗಿ ಬರೆಸಿದರು. ನಕ್ಷೆಯನ್ನು ತಿದ್ದುವ ಬದಲು ಉತ್ತರವನ್ನೇ ತಿರುಗಿಸಿಬಿಟ್ಟರು! ನನ್ನ ತರಗತಿಯಲ್ಲಿ ಯಾವನಾದರೂ ಹುಡುಗ ಹೀಗೆ ಮಾಡಿದ್ದರೆ ಕಳೆದ ಅಂಕವನ್ನು ಮರಳಿ ಕೊಡುತ್ತಿದ್ದೆನೇನೋ.

ಈ ಕುದುರೆ ಸವಾರರ ಕಥೆಗಳ ಪರಿಚಯ ನನಗಾದದ್ದು ಅಮೆರಿಕದಲ್ಲಿ ಮಗಳ ಮನೆಯಲ್ಲಿ ಆರು ತಿಂಗಳು ಇದ್ದಾಗ. ಮಧ್ಯಾಹ್ನದ ಊಟವಾದ ಮೇಲೆ ಹಳೆಯ ಧಾರಾವಾಹಿಗಳ ಮರುಪ್ರಸಾರವನ್ನು ನೋಡುತ್ತ ಕೂರುತ್ತಿದ್ದೆ. ಬೇಸಿಗೆ ರಜೆಯಲ್ಲಿದ್ದ ಹದಿಮೂರು ವರ್ಷದ ಮೊಮ್ಮಗ ಪಕ್ಕಕ್ಕೆ ಬಂದು ಕುಳಿತವನು, ಎರಡೇ ದಿನದಲ್ಲಿ ಕೈಗೆ ರಿಮೋಟನ್ನೂ ಒಂದು ನೋಟ್‌ಬುಕ್ಕನ್ನೂ ತೆಗೆದುಕೊಂಡ. “ತಾತ, ನೋಡಿ ನೋಡಿ! ಆರು ಗುಂಡಿನ ಪಿಸ್ತೂಲಿನಲ್ಲಿ ಒಂಬತ್ತು ಸಲ ಹೊಡೆದ!” ಎಂದು ಚಿತ್ರವನ್ನು ನಿಲ್ಲಿಸುವುದು, ಬರೆದುಕೊಳ್ಳುವುದು. ಒಂದು ಕೋನದಲ್ಲಿ ತಲೆಯ ಮೇಲಿದ್ದ ಟೋಪಿ ಮರುಕ್ಷಣದಲ್ಲಿ ಕೈಯಲ್ಲಿರುವುದು, ನಮ್ಮ ಸಿನಿಮಾದವರು ‘ಕಂಟಿನ್ಯುಟಿ’ ತಪ್ಪಿತು ಎನ್ನುತ್ತಾರಲ್ಲ, ಅದೂ ಅವನ ಕಣ್ಣಿಗೆ ಬೀಳದೆ ಹೋಗುತ್ತಿರಲಿಲ್ಲ. ತಪ್ಪು ಹುಡುಕುವ ಈ ಗುಣ ತಾಯಿಯ ಕಡೆಯಿಂದಲೇ ಬಂದದ್ದೆಂದು ಅಳಿಯಂದಿರ ಅಭಿಪ್ರಾಯ.

ಕೆಲವು ತಪ್ಪುಗಳಿಗೆ ಮಾತ್ರ ಪುಸ್ತಕ ತೆರೆಯಬೇಕಾಯಿತು. ‘ಬೊನಾಂಜಾ’ದ ಕಥೆ ಬಹುಮಟ್ಟಿಗೆ 1860ರ ದಶಕದ್ದು, ಪಾತ್ರಗಳ ಸೊಂಟದಲ್ಲಿರುವುದು 1873ರ ಮಾದರಿಯ ಕೋಲ್ಟ್ ರಿವಾಲ್ವರ್. ‘ದಿ ರೈಫಲ್‌ಮನ್’ (1958-63) ನಡೆಯುವುದು 1880ರ ದಶಕದಲ್ಲಿ. ನಾಯಕ ಚಕ್ ಕಾನರ್ಸ್ ಕೈಯಲ್ಲಿ ತಿರುಗುವ ರೈಫಲ್ 1892ರದು. ಎಲ್ಲಕ್ಕಿಂತ ಸೊಗಸಾದದ್ದು ‘ವಾಂಟೆಡ್: ಡೆಡ್ ಆರ್ ಅಲೈವ್’ನಲ್ಲಿ (1958-61) ಸ್ಟೀವ್ ಮೆಕ್ವೀನ್ ಕಟ್ಟಿಕೊಂಡ ಸೊಂಟಪಟ್ಟಿ. ಅವರ ಮೊಟಕು ಬಂದೂಕಿಗೆ ಬೇಕಾದುದು .44-40 ಗುಂಡುಗಳು, ಪಟ್ಟಿಯಲ್ಲಿ ಸಾಲಾಗಿ ಮೆರೆಯುವುದು ಅವಕ್ಕಿಂತ ದೊಡ್ಡವಾದ.45-70. ಅವು ಆ ಬಂದೂಕಿನೊಳಗೆ ಹೋಗುವಂತೆಯೇ ಇಲ್ಲ. ಆದರೆ ನೋಡುವವರಿಗೆ ಭಯಂಕರವಾಗಿ ಕಾಣಬೇಕಲ್ಲ! ಇದನ್ನು ತಪ್ಪು ಎನ್ನುವುದಕ್ಕಿಂತ ಅಲಂಕಾರ ಎನ್ನುವುದೇ ಸರಿ. ಇನ್ನು ‘ಗನ್‌ಸ್ಮೋಕ್’ನಲ್ಲಿ (1955-75) ಕ್ಯಾನ್ಸಸ್‌ನ ಬಯಲುಸೀಮೆಯ ಡಾಡ್ಜ್ ಸಿಟಿಯ ಹಿಂದೆ ಕ್ಯಾಲಿಫೋರ್ನಿಯಾದ ಗುಡ್ಡಗಳು ಏಳುತ್ತವೆ. ಬೆನ್ ಆಗಿ ನಟಿಸಿದ ಲಾರ್ನ್ ಗ್ರೀನ್, ಹಿರಿಯ ಮಗ ಆ್ಯಡಮ್ ಆಗಿದ್ದ ಪರ್ನೆಲ್ ರಾಬರ್ಟ್ಸ್‌ಗಿಂತ ಹದಿಮೂರೇ ವರ್ಷ ದೊಡ್ಡವರು.

ಮೊಮ್ಮಗನ ನಗು ಹೆಚ್ಚುತ್ತಿದ್ದಂತೆ, ಈ ಕೆಲಸದ ಹಿಂದಿನ ಅವಸರವನ್ನೂ ಅವನು ತಿಳಿಯಬೇಕೆಂದು ನನಗನ್ನಿಸಿತು. ‘ಗನ್‌ಸ್ಮೋಕ್’ನ ಮೊದಲ ವರ್ಷವೊಂದರಲ್ಲೇ 39 ಕಂತುಗಳು. ‘ಮ್ಯಾವರಿಕ್’ (1957-62) ಧಾರಾವಾಹಿಯ ಒಂದು ಕಂತಿಗೆ ಎಂಟು ದಿನ ಹಿಡಿಯುತ್ತಿತ್ತು. ವಾರಕ್ಕಿರುವುದು ಏಳೇ ದಿನ. ಆದ್ದರಿಂದ ಜೇಮ್ಸ್ ಗಾರ್ನರ್ ಅಭಿನಯಿಸುತ್ತಿದ್ದ ನಾಯಕನಿಗೆ ಒಬ್ಬ ತಮ್ಮನನ್ನು ಹುಟ್ಟಿಸಿ, ಎರಡು ತಂಡಗಳಿಂದ ಏಕಕಾಲದಲ್ಲಿ ಚಿತ್ರೀಕರಣ ನಡೆಸಿದರು. 1960ರಲ್ಲಿ ಲೇಖಕರು ಮುಷ್ಕರ ಹೂಡಿದಾಗ ವಾರ್ನರ್ ಬ್ರದರ್ಸ್‌ನವರು ಹಳೆಯ ಕಥೆಗಳನ್ನೇ ತಿರುಗಿಸಿ ಬರೆಸಿ, ಲೇಖಕನ ಜಾಗದಲ್ಲಿ ‘ಡಬ್ಲ್ಯೂ. ಎರ್ಮಾನೋಸ್’ ಎಂದು ಹಾಕಿದರು. ಸ್ಪ್ಯಾನಿಷ್‌ನಲ್ಲಿ ಹಾಗೆಂದರೆ ಸೋದರರು! ಕಾರ್ಟ್‌ರೈಟ್ ಮಂದಿ ವರ್ಷಗಟ್ಟಲೆ ಒಂದೇ ಉಡುಪಿನಲ್ಲಿರುವುದಕ್ಕೂ ಕಾರಣವಿದೆ. ಬಟ್ಟೆ ಬದಲಾಗದಿದ್ದರೆ ಹಿಂದೆ ತೆಗೆದ ಸವಾರಿಯ ದೃಶ್ಯವನ್ನು ಯಾವ ಕಂತಿಗಾದರೂ ಅಂಟಿಸಬಹುದು.

ಅವಸರದಿಂದಾದ ತಪ್ಪು ನನ್ನನ್ನು ನೋಯಿಸುವುದಿಲ್ಲ. ಮನುಷ್ಯನನ್ನೇ ಮರೆತದ್ದು ನೋಯಿಸುತ್ತದೆ. ‘ವ್ಯಾಗನ್ ಟ್ರೇನ್’ನ ನಾಯಕ ವಾರ್ಡ್ ಬಾಂಡ್ 1960ರ ನವೆಂಬರ್‌ನಲ್ಲಿ ತೀರಿಕೊಂಡರು. ಅವರ ಜಾಗಕ್ಕೆ ಇನ್ನೊಬ್ಬ ಮುಖಂಡ ಬಂದ. ಹಿಂದಿನವನು ಏನಾದನೆಂದು ಕಥೆ ಹೇಳಲೇ ಇಲ್ಲ. ‘ಬೊನಾಂಜಾ’ದಲ್ಲಿ ಹಾಗಾಗಲಿಲ್ಲ. ಎರಡನೆಯ ಮಗ ಹಾಸ್ ಆಗಿದ್ದ ಡ್ಯಾನ್ ಬ್ಲಾಕರ್ 1972ರಲ್ಲಿ ಅಕಸ್ಮಾತ್ತಾಗಿ ತೀರಿಕೊಂಡಾಗ, ಹಾಸ್‌ಗೆಂದು ಬರೆದಿದ್ದ ಮದುವೆಯ ಕಥೆಯನ್ನು ಕಿರಿಯ ಮಗನ ಪಾತ್ರದ ಮೈಕೆಲ್ ಲ್ಯಾಂಡನ್ ತಮಗೆ ಹೊಂದುವಂತೆ ತಿದ್ದಿ, ತಾವೇ ನಿರ್ದೇಶಿಸಿದರು. ಆ ಕಂತನ್ನು ನೋಡಿದ ದಿನ ನಮ್ಮ ಹುಡುಗ ರಿಮೋಟನ್ನು ಮುಟ್ಟಲಿಲ್ಲ.

ಎಲೆಯ ಮೇಲಿನ ನೊಣವನ್ನು ಎಣಿಸುತ್ತ ಹೆಗ್ಗಣವನ್ನು ಬಿಟ್ಟೆವಲ್ಲ ಎಂಬುದು ನನಗೆ ಹೊಳೆದದ್ದು ಅವನ ಶಾಲೆಯ ಇತಿಹಾಸದ ಪುಸ್ತಕವನ್ನು ತಿರುವಿ ಹಾಕಿದಾಗ. ಅಂದಿನ ದನಗಾಹಿ ಸವಾರರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬ ಕಪ್ಪು ಜನಾಂಗದವನೆಂದು ಇತಿಹಾಸಕಾರರ ಅಂದಾಜು. ದನಗಾಹಿಗಳದೇ ಕಥೆಯಾದ ‘ರಾಹೈಡ್’ 1959ರಲ್ಲಿ ಆರಂಭವಾದರೂ, ಅದರ ಕಾಯಂ ತಂಡಕ್ಕೆ ಕಪ್ಪು ನಟ ರೇಮಂಡ್ ಸೇಂಟ್ ಜಾಕ್ ಸೇರಿದ್ದು 1965ರ ಕೊನೆಯ ಸರಣಿಯಲ್ಲಿ. ‘ಬ್ರೋಕನ್ ಆ್ಯರೋ’ದಲ್ಲಿ (1956-58) ಅಪಾಚೆ ನಾಯಕ ಕೋಚೀಸ್‌ನಾಗಿ ನಟಿಸಿದ ಮೈಕೆಲ್ ಅನ್ಸಾರ ಹುಟ್ಟಿದ್ದು ಸಿರಿಯಾದಲ್ಲಿ. ಪಾಂಡೆರೋಸಾದ ಚೀನೀ ಅಡುಗೆಯವನಾಗಿ ಹರುಕುಮುರುಕು ಇಂಗ್ಲಿಷ್ ಆಡಿದ ವಿಕ್ಟರ್ ಸೆನ್ ಯಂಗ್ ಹುಟ್ಟಿದ್ದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಇದನ್ನೆಲ್ಲ ಹೇಳಿದಾಗ ಮೊಮ್ಮಗ ಸ್ವಲ್ಪ ಹೊತ್ತು ಯೋಚಿಸಿ, “ಇದಕ್ಕೆ ಚಿತ್ರವನ್ನು ಎಲ್ಲಿ ನಿಲ್ಲಿಸಬೇಕು, ತಾತ?” ಎಂದು ಕೇಳಿದ. ಅವನ ಮಟ್ಟಿಗೆ ಅದು ನಿಜವಾದ ತೊಡಕು. ಟೋಪಿಯ ತಪ್ಪಿಗೆ ಒಂದು ನಿಮಿಷ, ಒಂದು ಸೆಕೆಂಡು ಇರುತ್ತದೆ.

ಉತ್ತರವಾಗಿ ಅವನಿಗೆ ಒಬ್ಬರ ಕಥೆ ಹೇಳಿದೆ. ‘ದಿ ಲೋನ್ ರೇಂಜರ್’ನಲ್ಲಿ (1949-57) ಮುಖವಾಡದ ನಾಯಕನಾಗಿದ್ದ ಕ್ಲೇಟನ್ ಮೂರ್ ನಡುವೆ ಹೋಗಿ, ಜಾನ್ ಹಾರ್ಟ್ ಬಂದು, ಮತ್ತೆ ಮೂರ್ ಅವರೇ ಮರಳಿದರು. ಮುಖವಾಡ ಮಾತ್ರ ಅದೇ. ಈ ಇಬ್ಬರ ಪಕ್ಕದಲ್ಲೂ ಕದಲದೆ ಇದ್ದವರು ಟೋಂಟೋ ಪಾತ್ರದ ಜೇ ಸಿಲ್ವರ್‌ಹೀಲ್ಸ್, ಕೆನಡಾದ ಮೊಹಾಕ್ ಜನಾಂಗದವರು. ಅವರ ಬಾಯಿಗೂ ಅದೇ ಹರುಕು ಇಂಗ್ಲಿಷನ್ನೇ ಬರೆದುಕೊಟ್ಟಿದ್ದರು. 1960ರ ದಶಕದಲ್ಲಿ ಅವರು ಲಾಸ್ ಏಂಜಲೀಸ್‌ನಲ್ಲಿ ಮೂಲನಿವಾಸಿ ನಟರಿಗಾಗಿ ಒಂದು ಅಭಿನಯ ಕಾರ್ಯಾಗಾರವನ್ನು ಕಟ್ಟಲು ನೆರವಾದರು. ಅಲ್ಲಿ ಪಾಠ ಹೇಳಿದರು.