ಗುಂಡ್ಯದಿಂದ ಮೇಲೆ

ಜನವರಿ 17, ಶನಿವಾರ. ಸಕಲೇಶಪುರ, ರಾತ್ರಿ

ಗುಂಡ್ಯ ದಾಟಿ ಘಾಟಿ ಹಿಡಿದ ಮೇಲೆ ಶುರುವಾಯಿತು. ಎರಡನೇ ಗೇರಿನಲ್ಲಿ ಎಕ್ಸಲರೇಟರ್ ಒತ್ತಿದರೆ ಕಟಕಟ. ಕಾಲು ತೆಗೆದರೆ ಇಲ್ಲ. ಮುಂದೆ ಟ್ಯಾಂಕರ್, ಹಿಂದೆ ಲಾರಿಗಳ ಸಾಲು, ನಿಲ್ಲಿಸಲು ಜಾಗವಿಲ್ಲ. ಟೆಂಪರೇಚರ್ ಮುಳ್ಳು ನಡು ಬಿಟ್ಟು ಏರುತ್ತಿತ್ತು. ಹೀಟರ್ ಹಾಕಿ, ಗಾಜು ಇಳಿಸಿ ಮಾರನಹಳ್ಳಿ ತನಕ ಎಳೆದುಕೊಂಡು ಬಂದೆ. ಬಾನೆಟ್ ಎತ್ತಿದರೆ ಸಿಹಿ ವಾಸನೆ. ಮುಚ್ಚಳ ಮುಟ್ಟಲಿಲ್ಲ, ತಣಿಯಲು ಬಿಟ್ಟೆ. ಬಾಟಲಿಯಲ್ಲಿ ಕೂಲೆಂಟ್ ಮಿನ್ ಗೆರೆಗಿಂತ ಕೆಳಗೆ.

‘ಅಪ್ಪನ ಕಾಲದಲ್ಲಿ ಈ ಕಾರು ಒಂದಿನ ದಾರೀಲಿ ನಿಂತಿದ್ದಿಲ್ಲ ಕಣೋ’ ಅಂದಳು ಅಮ್ಮ. ಏನೂ ಹೇಳಲಿಲ್ಲ.

ಜನವರಿ 18, ಭಾನುವಾರ. ಬೆಳಿಗ್ಗೆ

ಎಂಜಿನ್ ತಣ್ಣಗಿದೆ. ರೇಡಿಯೇಟರ್ ಮುಚ್ಚಳ ತೆರೆದು ನೋಡಿದೆ. ರಬ್ಬರ್ ಚೆನ್ನಾಗಿಯೇ ಇದೆ. ಮೇಲೆ 0.9 ಎಂಬ ಮುದ್ರೆ. ಅಷ್ಟು ಬಾರ್ ಒತ್ತಡ ಒಳಗೆ ನಿಂತರೆ ಬರೀ ನೀರೂ 118 ಡಿಗ್ರಿಯ ತನಕ ಕುದಿಯುವುದಿಲ್ಲ. ಎಲ್ಲೋ ಒಂದು ಕಡೆ ಸೋರಿದರೆ ಒತ್ತಡವೂ ಹೋಯಿತು, ಆ ಹದಿನೆಂಟು ಡಿಗ್ರಿಯೂ ಹೋಯಿತು. ಕ್ಲಾಸಿನಲ್ಲಿ ಕುಕ್ಕರ್ ಇಟ್ಟುಕೊಂಡು ನಾನು ಮಾಡುವ ಪಾಠ ಇದೇ.

ಸ್ಟಾರ್ಟ್ ಮಾಡಿದೆ. ನಿಂತಲ್ಲೇ ಸದ್ದು ಬರುತ್ತಿದೆ, ಆದರೆ ನಿನ್ನೆಯದ್ದಲ್ಲ. ಇದು ಮಂದ, ಬೆಲ್ಟಿನ ಕಡೆಯಿಂದ. ಟೊಕ್, ಟೊಕ್. ಹಾಗಾದರೆ ಸದ್ದು ಎರಡು. ಕಾಯಿಲೆಯೂ ಎರಡೋ, ಒಂದೇಯೋ?

ಜನವರಿ 20, ಮಂಗಳವಾರ. ಪುತ್ತೂರು

ಗ್ಯಾರೇಜಿನಲ್ಲಿ ಬಾನೆಟ್ ಎತ್ತಿ ಅರ್ಧ ನಿಮಿಷ ಕೇಳಿದರು, ಅಷ್ಟೇ. ‘ಹೆಡ್ ಗ್ಯಾಸ್ಕೆಟ್ ಹೋಗಿದೆ ಮಾಷ್ಟ್ರೇ. ಹೆಡ್ ಇಳಿಸಿ ಫೇಸಿಂಗ್ ಮಾಡಿಸುವ. ಬಿಗ್ ಎಂಡ್ ಬೇರಿಂಗೂ ಒಟ್ಟಿಗೆ ಹಾಕಿ ಬಿಡುವ.’ ಹದಿನೆಂಟು ಸಾವಿರ. ಡಿಪ್‌ಸ್ಟಿಕ್ ಎಳೆದು ನೋಡಲೂ ಇಲ್ಲ. ಸಿಟ್ಟು ಬಂತು. ಗಾಡಿ ವಾಪಸು ತಂದೆ.

ರಾತ್ರಿ ಟಾರ್ಚ್ ಹಿಡಿದು ನಾನೇ ನೋಡಿದೆ. ಆಯಿಲ್ ಮುಚ್ಚಳದ ಒಳಮೈಯಲ್ಲಿ ತೆಳು ಕೆನೆ. ಎದೆ ಧಸಕ್ಕೆಂದಿತು. ಗ್ಯಾಸ್ಕೆಟ್ ಹೋಗಿ ಆಯಿಲಿಗೆ ನೀರು ಬೆರೆತರೂ ಹೀಗೇ. ಆದರೆ ದಿನಾ ಶಾಲೆಗೆ ಹೋಗಿಬರುವಷ್ಟೇ ಓಟವಾದರೆ ಎಂಜಿನ್ ಪೂರ್ತಿ ಕಾಯುವುದಿಲ್ಲ, ಹಬೆ ಹೀಗೇ ಕೆನೆ ಕಟ್ಟುವುದುಂಟು. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಕಪ್ಪಗಿದೆ, ನೀರು ಬೆರೆತಂತಿಲ್ಲ. ಬಿಳಿ ಹೊಗೆಯೂ ಇಲ್ಲ. ನಂಬಲೋ ಬಿಡಲೋ.

ಜನವರಿ 22, ಗುರುವಾರ

ಪಕ್ಕದ ಮನೆಯ ಬೆಕ್ಕು ಕಾರಿನಡಿ ಮಲಗಿತ್ತು. ಓಡಿಸಿದೆ. ಕೂಲೆಂಟಿನಲ್ಲಿರುವುದು ಎಥಿಲೀನ್ ಗ್ಲೈಕಾಲ್. ರುಚಿ ಸಿಹಿ. ಬೆಕ್ಕು, ನಾಯಿ ಸ್ವಲ್ಪ ನೆಕ್ಕಿದರೂ ಮೂತ್ರಪಿಂಡ ಹೋಗುತ್ತದೆ. ಆ ಮನೆಯ ಮಗುವಿಗೆ ಆ ಬೆಕ್ಕೆಂದರೆ ಪ್ರಾಣ. ಅಂಗಳ ತೊಳೆದೆ. ಕಾರಿನಡಿ ರಟ್ಟು ಹಾಸಿ ಸುತ್ತ ಹಲಗೆ ಅಡ್ಡ ಇಟ್ಟೆ.

ಜನವರಿ 23, ಶುಕ್ರವಾರ

ರಟ್ಟಿನ ಮೇಲೆ ನಾಣ್ಯದಗಲ ಹಸಿರು ಕಲೆ. ರೇಡಿಯೇಟರ್ ಕೆಳಗಲ್ಲ, ಪುಲ್ಲಿಯ ನೇರಕ್ಕೆ.

ಜನವರಿ 24, ಶನಿವಾರ

ಇನ್ನೊಬ್ಬ ಮೇಸ್ತ್ರಿ. ವಯಸ್ಸಾದವರು, ಮಾತು ಕಡಿಮೆ. ನಾನು ಹೇಳಿದ್ದನ್ನೆಲ್ಲ ಕೇಳಿ, ‘ಮೊದಲು ನೀರಿಂದು ನೋಡುವ, ಸದ್ದು ಮತ್ತೆ’ ಅಂದರು. ಮನಸ್ಸು ಅಲ್ಲೇ ಹಗುರಾಯಿತು.

ರೇಡಿಯೇಟರ್ ಬಾಯಿಗೆ ಕೈಪಂಪ್ ಕೂರಿಸಿ 0.9ರ ತನಕ ಒತ್ತಿದರು. ಮೀಟರ್ ಮುಳ್ಳು ನಿಲ್ಲಲಿಲ್ಲ, ನೋಡನೋಡುತ್ತ ಇಳಿಯಿತು. ಹೋಸ್‌ಗಳೆಲ್ಲ ಒಣಗಿವೆ, ಕ್ಲಿಪ್ಪುಗಳೂ ಒಣಗಿವೆ. ಕೊನೆಗೆ ಪುಟ್ಟ ಕನ್ನಡಿಯನ್ನು ವಾಟರ್ ಪಂಪಿನ ಅಡಿಗೆ ಹಿಡಿದು ಟಾರ್ಚ್ ಬಿಟ್ಟರು. ಪಂಪಿನ ಹೊಟ್ಟೆಯಡಿ ಒಂದು ಸಣ್ಣ ತೂತು. ಒಳಗಿನ ಸೀಲ್ ಸವೆದರೆ ನೀರು ಬೇರಿಂಗಿಗೆ ನುಗ್ಗದೆ ಹೊರಗೆ ಬರಲೆಂದೇ ಇಟ್ಟ ತೂತು. ಅದರ ಸುತ್ತ ಹಸಿರು ಹಕ್ಕಳೆ. ತುದಿಯಲ್ಲಿ ಹನಿ ದಪ್ಪಗಾಗುತ್ತ ಬಂದು ಬಿತ್ತು. ಬಿಸಿ ಎಂಜಿನ್ನಿನಲ್ಲಿ ಅದು ಅಲ್ಲೇ ಆರಿಹೋಗುತ್ತದೆ. ನಿನ್ನೆಯ ತನಕ ನೆಲದಲ್ಲಿ ಏನೂ ಕಾಣದ್ದಕ್ಕೆ ಅದೇ ಕಾರಣವಿರಬೇಕು.

ಮತ್ತೆ ಸದ್ದು. ಉದ್ದ ಸ್ಕ್ರೂಡ್ರೈವರಿನ ತುದಿ ಪಂಪಿಗೆ, ಹಿಡಿ ನನ್ನ ಕಿವಿಗೆ. ಟೊಕ್ ಟೊಕ್ ತಲೆಯೊಳಗೇ ಬಡಿದಂತಾಯಿತು. ಎಂಜಿನ್ ನಿಲ್ಲಿಸಿ ಬೆಲ್ಟ್ ತೆಗೆದರು. ಪುಲ್ಲಿ ಹಿಡಿದು ಅಲ್ಲಾಡಿಸಿದರೆ ಆಟ ಇದೆ. ಬೆಲ್ಟಿಲ್ಲದೆ ಅರೆ ನಿಮಿಷ ಓಡಿಸಿದರು. ಆ ಸದ್ದು ಇಲ್ಲ!

ಪ್ಲಗ್ಗುಗಳನ್ನೂ ಬಿಚ್ಚಿದರು. ಮೂರೂ ಒಂದೇ ಕಂದು. ಸಿಲಿಂಡರಿಗೆ ನೀರು ಹೋಗುತ್ತಿದ್ದರೆ ಒಂದಾದರೂ ಹಬೆಗೆ ತೊಳೆದು ಬೆಳ್ಳಗಿರಬೇಕಿತ್ತು.

ಜನವರಿ 26, ಸೋಮವಾರ

ಧ್ವಜಾರೋಹಣ ಮುಗಿಸಿ ನೇರ ಗ್ಯಾರೇಜಿಗೆ. ಹೊಸ ಪಂಪ್, ಹೊಸ ಬೆಲ್ಟ್. ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ಗಾಳಿ ಪೂರ್ತಿ ಬಿಡಿಸಿದರು. ಐಡ್ಲಿಂಗಿನಲ್ಲಿ ನಿಶ್ಶಬ್ದ. ಕುಣಿಯುವಷ್ಟು ಖುಷಿ.

ಆಮೇಲೆ ರೇಸ್ ಕೊಟ್ಟು ಬಿಟ್ಟಾಗ ಆಳದಿಂದ ಒಂದು ‘ಟಕ್’. ಇದು ಮೊದಲೇ ಇತ್ತೇ? ಬಿಗ್ ಎಂಡ್ ಬೇರಿಂಗ್ ಸವೆದರೆ ಸದ್ದು ಬರುವುದೂ ರೇಸ್ ಬಿಡುವಾಗಲೇ. ಪ್ಲಗ್ ವೈರ್ ಒಂದೊಂದಾಗಿ ಎಳೆದು ನೋಡಿದೆವು. ಎರಡನೆಯದು ಎಳೆದಾಗ ಸದ್ದು ತಗ್ಗಿತು ಅಂತ ನನಗೆ. ‘ಇಲ್ಲ, ಅದೇ ಉಂಟು’ ಅಂದರು ಮೇಸ್ತ್ರಿ. ಮೀಟರ್ ಹಾಕಿ ಆಯಿಲ್ ಪ್ರೆಶರ್ ನೋಡಿದರು. ಬಿಸಿಯಲ್ಲೂ ಬೀಳಲಿಲ್ಲ. ‘ಓಡಿಸಿ ಮಾಷ್ಟ್ರೇ, ಕೇಳ್ತಾ ಇರಿ.’

ಜನವರಿ 31, ಶನಿವಾರ. ಸಕಲೇಶಪುರ

ಘಾಟಿ ಹತ್ತಿದೆ. ಮುಳ್ಳು ನಡುವಿನಲ್ಲೇ ನಿಂತಿತು. ಕಟಕಟ ಇಲ್ಲ. ಕಾವೇರಿದ ಸಿಲಿಂಡರಿನಲ್ಲಿ ಪೆಟ್ರೋಲ್ ಹೊತ್ತು ತಪ್ಪಿ ಉರಿಯುತ್ತಿತ್ತು, ಅಷ್ಟೇ ಇರಬೇಕು. ಒಂದೇ ಒಂದು ತಿರುವಿನಲ್ಲಿ, ಮೂರನೇ ಗೇರಿನಲ್ಲಿ ಎಂಜಿನ್ ಏದುಸಿರು ಬಿಟ್ಟಾಗ, ಕ್ಷಣಕಾಲ ಕೇಳಿದಂತಾಯಿತು. ಲಾರಿಯದ್ದೂ ಇರಬಹುದು.

ಫೆಬ್ರವರಿ 1, ಭಾನುವಾರ

ಬಾಟಲಿಯ ಮಟ್ಟ ಇಳಿದಿಲ್ಲ. ‘ಟಕ್’ ಇದೆ. ನಾನು ಹೇಳದೆ ಅಮ್ಮನಿಗೆ ಕೇಳಿಸುವುದಿಲ್ಲ. ಮುಂದಿನ ವಾರ ಆಯಿಲ್ ಇಳಿಸಿ ಬಿಳಿ ಬಟ್ಟೆಯಲ್ಲಿ ಸೋಸಬೇಕು. ಲೋಹದ ಹುಡಿ ಸಿಕ್ಕರೆ ಎಂಜಿನ್ ಬಿಚ್ಚಿಸುತ್ತೇನೆ, ಖರ್ಚು ಎಷ್ಟಾದರೂ ಆಗಲಿ. ಅಲ್ಲಿಯ ತನಕ ಅಮ್ಮನನ್ನು ಬಸ್ಸಿನಲ್ಲೇ ಕರೆದುಕೊಂಡು ಹೋಗುವುದು.