ಮುಗಿಲ ಕಾಡಿನ ಓತಿಕೇತ

ಸಿಂಹಳ ದ್ವೀಪದ ನಡುನಾಡಿನಲ್ಲಿ, ಸಮುದ್ರಮಟ್ಟದಿಂದ 2,100 ಮೀಟರಿಗೂ ಎತ್ತರದಲ್ಲಿ, ಹಾರ್ಟನ್ ಬಯಲು ಹರಡಿಕೊಂಡಿದೆ. ಸಿಂಹಳೀಯರಿಗೆ ಅದು ‘ಮಹಾ ಎಲಿಯ’. ಈಗಿನ ಹೆಸರು 1831ರಿಂದ 1837ರವರೆಗೆ ಗವರ್ನರನಾಗಿದ್ದ ವಿಲ್ಮಟ್ ಹಾರ್ಟನ್ನನದು. ನುವರ ಎಲಿಯದಿಂದ ನಸುಕಿನಲ್ಲೇ ಹೊರಡುವ ಪ್ರವಾಸಿಗರ ಗುರಿ ಬಹುಮಟ್ಟಿಗೆ ಒಂದೇ: ‘ಜಗದಂಚು’ ಎಂದು ಹೆಸರಾದ, 800 ಮೀಟರಿಗೂ ಮಿಕ್ಕಿದ ಪ್ರಪಾತ. ಹೊತ್ತೇರಿದಂತೆ ಕಣಿವೆಯಿಂದ ಮೋಡವೆದ್ದು ನೋಟವನ್ನೆಲ್ಲ ಮುಚ್ಚಿಬಿಡುತ್ತದೆ. ತಡವಾಗಿ ಬಂದವರಿಗೆ ನಿರಾಶೆ. ಆದರೆ ಅವರ ಕಣ್ಣಿಗೆ ಅಡ್ಡಿಯಾದ ಆ ಮೋಡವೇ ಅಲ್ಲಿನ ಕಾಡಿನ ಜೀವಾಳವಾಗಿದೆ.

ಬಾಬಾಬುಡನ್‌ಗಿರಿಯ, ನೀಲಗಿರಿಯ ಶೋಲಾ ಕಾಡುಗಳನ್ನು ಕಂಡವರಿಗೆ ಈ ದೃಶ್ಯ ಅಪರಿಚಿತವೆನಿಸದು. ಹುಲ್ಲುಗಾವಲಿನ ಮಗ್ಗುಲಲ್ಲೇ ಕುಳ್ಳಾದ, ಸೊಟ್ಟಾದ ಮರಗಳು; ಕೊಂಬೆಗಳ ತುಂಬ ನೀರುಂಡ ಹಾವಸೆ. ಈ ಹಾವಸೆಯ ನಡುವೆಯೇ ಒಂದು ಪುಟ್ಟ ಓತಿಕೇತ ವಾಸಿಸುತ್ತದೆ. ಬಾಲವನ್ನು ಬಿಟ್ಟರೆ ಅದರ ಉದ್ದ 6 ಸೆಂಟಿಮೀಟರಿನ ಆಸುಪಾಸು. ಒರಟು ಹುರುಪೆಗಳಿಂದ ಕೂಡಿದ, ಹಸುರು-ಕಂದು ಮಿಶ್ರಿತವಾದ ಮೈ. ನಡಿಗೆ ಬಹು ಮಂದ. ರೆಂಬೆಗೆ ಬಾಲವನ್ನು ಸುತ್ತಿ ನಿಶ್ಚಲವಾಗಿ ಕುಳಿತರೆ, ಹಾವಸೆ ಯಾವುದು, ಪ್ರಾಣಿ ಯಾವುದು ಎಂದು ಗುರುತಿಸುವುದು ಕಷ್ಟ.

1861ರಲ್ಲಿ ಜರ್ಮನಿಯ ಪ್ರಾಣಿಶಾಸ್ತ್ರಜ್ಞ ವಿಲ್‌ಹೆಲ್ಮ್ ಪೀಟರ್ಸ್ ಇದಕ್ಕೆ ‘ಕೋಫೋಟಿಸ್ ಸಿಲಾನಿಕ’ ಎಂದು ನಾಮಕರಣ ಮಾಡಿದನು. ‘ಕೋಫೋಟಿಸ್’ ಎಂಬ ಗ್ರೀಕ್ ಮೂಲದ ಪದಕ್ಕೆ ಕಿವುಡುಕಿವಿ ಎಂದರ್ಥ. ಇದಕ್ಕೆ ಹೊರಗೆ ಕಾಣುವ ಕಿವಿಯ ರಂಧ್ರವಿಲ್ಲ.

ಇದರ ಬಾಳಿನ ವಿಶೇಷವೆಂದರೆ ಸಂತಾನದ ರೀತಿ. ಓತಿಕೇತಗಳು ಸಾಮಾನ್ಯವಾಗಿ ಮಣ್ಣಿನಲ್ಲಿ ಮೊಟ್ಟೆಯಿಟ್ಟು ಹೊರಟುಹೋಗುತ್ತವೆ. ಇದೇ ಕಾಡಿನಲ್ಲಿರುವ, ಮೂಗಿನ ಮೇಲೆ ಕೊಂಬುಳ್ಳ ಇನ್ನೊಂದು ಓತಿಯೂ ಹಾಗೆಯೇ. ಈ ಪುಟ್ಟ ತಾಯಿ ಮಾತ್ರ ಮೊಟ್ಟೆಗಳನ್ನು ಒಡಲಲ್ಲೇ ಹೊತ್ತು, ಜೀವಂತ ಮರಿಗಳನ್ನು ಹಡೆಯುತ್ತದೆ. ಅದರ ಬಳಗದಲ್ಲಿ ಈ ಪದ್ಧತಿ ಅಪೂರ್ವ. ಟಿಬೆಟ್ಟಿನ ಶೀತಲ ಪ್ರಸ್ಥಭೂಮಿಯ ಕೆಲವು ಓತಿಗಳಲ್ಲಿ ಇದನ್ನು ಕಾಣಬಹುದು. ತಣ್ಣನೆಯ ಮಣ್ಣಿಗಿಂತ ಬಿಸಿಲು ಕಾಯಿಸಿಕೊಳ್ಳಬಲ್ಲ ತಾಯೊಡಲೇ ಮೊಟ್ಟೆಗೆ ಲೇಸಲ್ಲವೆ?

ಇಂಥ ಜೀವಿಗೆ ಬೆಟ್ಟದ ನೆತ್ತಿಯೇ ಒಂದು ದ್ವೀಪ; ಕೆಳಗಿನ ಬೆಚ್ಚನೆಯ ಕಣಿವೆಯೇ ಕಡಲು. ಈಶಾನ್ಯಕ್ಕಿರುವ ದುಂಬರ ಬೆಟ್ಟಸಾಲಿನ ಓತಿಯನ್ನೂ ಬಹುಕಾಲ ಇದೇ ಜಾತಿಯೆಂದು ಎಣಿಸಲಾಗಿತ್ತು. ಅದು ಬೇರೆಯೇ ಜಾತಿಯೆಂದು 2006ರಲ್ಲಿ ವಿಜ್ಞಾನಿಗಳು ನಿರೂಪಿಸಿ ‘ಕೋಫೋಟಿಸ್ ದುಂಬರ’ ಎಂದು ಹೆಸರಿಟ್ಟರು. ಈ ಕುಲದಲ್ಲಿ ಇಂದು ತಿಳಿದಿರುವುದು ಈ ಎರಡೇ ಜಾತಿಗಳು. ಎರಡೂ ಶ್ರೀಲಂಕೆಯ ಹೊರತು ಬೇರೆಲ್ಲೂ ಇಲ್ಲ.

ಈ ದ್ವೀಪಗಳು ಕಿರಿದಾಗುತ್ತ ಬಂದಿವೆ. ಮೊದಲು ಕಾಫಿ, ಬಳಿಕ ಚಹಾ ತೋಟಗಳು ಬೆಟ್ಟಗಳ ಮೈಯನ್ನು ಆವರಿಸಿದವು. 5,000 ಅಡಿಗಿಂತ ಮೇಲಿನ ಕಾಡನ್ನು ಕಡಿಯಬಾರದೆಂದು 1873ರಲ್ಲಿ ಸಸ್ಯಶಾಸ್ತ್ರಜ್ಞ ಜೋಸೆಫ್ ಹೂಕರನ ಸಲಹೆಯಂತೆ ಆದ ಕಟ್ಟಳೆಯೇ ನೆತ್ತಿಯ ಮರಗಳನ್ನು ಉಳಿಸಿತು. ಹಾರ್ಟನ್ ಬಯಲು 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2010ರಲ್ಲಿ ಅದೂ ದುಂಬರದ ಕಾಡೂ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು.

ಆದರೆ ಬೇಲಿಯಿಂದ ತಡೆಯಲಾಗದ ಅಪಾಯಗಳುಂಟು. ಹಾರ್ಟನ್ ಬಯಲಿನ ಅಂಚಿನಲ್ಲಿ ಮರಗಳು ನಿಂತಲ್ಲೇ ಒಣಗಿ ಸಾಯುತ್ತಿರುವುದನ್ನು ದಶಕಗಳಿಂದ ಗಮನಿಸಲಾಗಿದೆ. ವಿದೇಶದ ಶೋಕಿಗಾರರು ಸಾಕಲೆಂದು ಈ ಓತಿಗಳನ್ನು ಕದ್ದು ಸಾಗಿಸಿದ್ದೂ ಉಂಟು. ಆದುದರಿಂದಲೇ 2019ರಲ್ಲಿ ಜಿನೀವಾದಲ್ಲಿ ಸೇರಿದ ರಾಷ್ಟ್ರಗಳು, ವನ್ಯಜೀವಿ ವ್ಯಾಪಾರ ಕುರಿತ ಒಪ್ಪಂದದ ಅತಿ ಕಟ್ಟುನಿಟ್ಟಾದ ಪಟ್ಟಿಗೆ ಎರಡು ಜಾತಿಗಳನ್ನೂ ಸೇರಿಸಿದವು. ಕಾಡಿನಿಂದ ಹಿಡಿದು ತಂದ ಓತಿಯನ್ನು ಹೊರದೇಶಕ್ಕೆ ಮಾರುವುದು ಇದರಿಂದ ನಿಷಿದ್ಧವಾಯಿತು.

ಕಳ್ಳನನ್ನು ಕಾನೂನು ತಡೆದೀತು. ಏರುತ್ತಿರುವ ತಾಪಮಾನವನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಇಳಿಜಾರಿನ ಜೀವಿ ತಂಪನ್ನರಸಿ ಇನ್ನಷ್ಟು ಮೇಲಕ್ಕೆ ಹೋದೀತು. ನೆತ್ತಿಯಲ್ಲೇ ನೆಲಸಿದ ಈ ಓತಿಗೆ ಮೇಲಕ್ಕೆ ಉಳಿದಿರುವುದು ಆಕಾಶವೊಂದೇ. ಮುಂಜಾನೆಯ ಮೋಡ ಎಲ್ಲಿಯವರೆಗೆ ಆ ಕೊಂಬೆಗಳನ್ನು ತೋಯಿಸುವುದೋ ಅಲ್ಲಿಯವರೆಗೆ ಅದರ ಬಾಳು.