ಹಿಮ ಕಟ್ಟಿದ ಕೆರೆ

ಕೆರೆ ಕಂಡರೆ ನನ್ನ ಕಣ್ಣು ಮೊದಲು ಹುಡುಕುವುದು ಏರಿಯನ್ನು. ಆಮೇಲೆ ತೂಬು, ಆಮೇಲೆ ಕೋಡಿ. ನೀರಿನ ಚೆಲುವು ಕಾಣುವುದು ಕಡೆಗೆ. ನಮ್ಮದು ಚನ್ನಗಿರಿ ತಾಲ್ಲೂಕು, ಸೂಳೆಕೆರೆ ಸೀಮೆ. ತಾತ ಊರಕೆರೆಯ ನೀರಗಂಟಿಯಾಗಿದ್ದ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೆಂಬುದು ಅವನ ಬಾಯಲ್ಲಿತ್ತು. ಬಯಲುಸೀಮೆಯ ನಮಗೆ ನೀರೆಂದರೆ ಯಾರೋ ಪುಣ್ಯಾತ್ಮರು ಕಟ್ಟಿ ನಿಲ್ಲಿಸಿದ್ದು. ಎರಡು ಗುಡ್ಡಗಳ ನಡುವಿನ ಕಣಿವೆಯನ್ನು ಗುರುತಿಸಿ, ಅಲ್ಲಿಗೊಂದು ಏರಿ ಹಾಕಿ, ಸೂಳೆಕೆರೆಯಂಥ ಕಡಲನ್ನು ನಿಲ್ಲಿಸಿದ ಶಾಂತವ್ವನ ಕಥೆ ಕೇಳಿ ಬೆಳೆದವನು ನಾನು. ಯಾರೂ ಕಟ್ಟದ ಕೆರೆಯೊಂದು ಇರಬಹುದೆಂದು ಹುಡುಗನಾಗಿದ್ದಾಗ ನನಗೆ ತೋಚಿದ್ದೇ ಇಲ್ಲ.

ಅಂಥ ಕೆರೆಗಳನ್ನು ಕಾಣಲು ಕಾಶ್ಮೀರದ ಸೋನಮಾರ್ಗ್‌ನಿಂದ ಆಗಸ್ಟ್ ಕೊನೆಯಲ್ಲಿ ನಡೆಯತೊಡಗಿದೆವು. ಏಳು ದಿನ, ಸುಮಾರು ಎಪ್ಪತ್ತು ಕಿಲೋಮೀಟರ್. ಮೊದಲ ದಿನವೆಲ್ಲ ಏರು. ದೇವದಾರುವಿನ ಕಾಡು ಮುಗಿದ ಮೇಲೆ ಬಿಳಿ ತೊಗಟೆಯ ಭೂರ್ಜ ಮರಗಳು ಬಂದವು. ಹಿಂದೆ ಕಾಶ್ಮೀರದ ಪಂಡಿತರು ಗ್ರಂಥ ಬರೆದದ್ದು ಈ ಮರದ ತೊಗಟೆಯ ಮೇಲೆ. ಸಿಪ್ಪೆ ಸುಲಿದು ತಾನಾಗಿಯೇ ಹಾಳೆಯಂತೆ ನೇತಾಡುವ ಅದನ್ನು ಮುಟ್ಟಿ ನೋಡಿದೆ. ನಮ್ಮ ತಾಳೆಗರಿಗಿಂತ ಮೃದು. ಭೂರ್ಜವೂ ಮುಗಿದ ಮೇಲೆ ಮರವೆಂಬುದೇ ಇಲ್ಲ, ಬರೀ ಹುಲ್ಲು, ಬಂಡೆ, ಹೂವು.

ಮೂರನೆಯ ದಿನ ನಿಚನೈ ಕಣಿವೆಯ ನೆತ್ತಿ ದಾಟಿ ಇಳಿದರೆ ವಿಶನ್‌ಸರ್. ಸುಮಾರು 3,700 ಮೀಟರ್ ಎತ್ತರದಲ್ಲಿ, ಮೂರು ಕಡೆ ಬೋಳು ಬೆಟ್ಟ, ಒಂದು ಕಡೆ ಹುಲ್ಲುಗಾವಲು. ನೋಡಿದೊಡನೆ ಅಭ್ಯಾಸಬಲದಿಂದ ಏರಿ ಹುಡುಕಿದೆ. ಇತ್ತು! ನೀರು ಮುಗಿಯುವಲ್ಲಿ ಕಲ್ಲುಮಣ್ಣಿನ ದಿಣ್ಣೆ, ಅದರ ಮೇಲೆ ಹುಲ್ಲು. ದಿಣ್ಣೆಯ ತಗ್ಗಿನಲ್ಲಿ ನೀರು ಬಂಡೆಗಳ ನಡುವೆ ಬಳುಕಿ ಹೊರಗೆ ಹರಿಯುತ್ತಿತ್ತು. ಅದು ಕೋಡಿ. ತೂಬು ಮಾತ್ರ ಇರಲಿಲ್ಲ. ಬೀಗ ಹಾಕಿ ನೀರು ಕಾಯುವವರು ಇಲ್ಲಿ ಯಾರೂ ಇರಲಿಲ್ಲವಲ್ಲ.

ಈ ಕೆರೆಗಳನ್ನು ಕಟ್ಟಿದ್ದು ಹಿಮ. ಒಂದರ ಮೇಲೊಂದು ಬಿದ್ದ ಮಂಜು ಒತ್ತಿ ಗಟ್ಟಿಯಾಗಿ, ತನ್ನ ಭಾರಕ್ಕೆ ತಾನೇ ಕೆಳಗೆ ತೆವಳುತ್ತದೆ. ತೆವಳುವಾಗ ಅಡಿಯ ಬೆಟ್ಟವನ್ನು ಕೆರೆದು ಕೊರೆದು ಬೋಗುಣಿ ಮಾಡುತ್ತದೆ. ಕಿತ್ತ ಕಲ್ಲುಮಣ್ಣನ್ನು ಮುಂದೆ ತಳ್ಳಿ ತನ್ನ ಮೂತಿಯ ಬಳಿ ಗುಡ್ಡೆ ಹಾಕುತ್ತದೆ. ಸಾವಿರಾರು ವರ್ಷಗಳ ನಂತರ ಹಿಮ ಕರಗಿ ಹಿಂದೆ ಸರಿದಾಗ ಬೋಗುಣಿ ತುಂಬುತ್ತದೆ, ಗುಡ್ಡೆ ಏರಿಯಾಗುತ್ತದೆ. ಮಣ್ಣು ಅಗೆದು, ಹೊತ್ತು, ಸುರಿದು, ತುಳಿದು ಗಟ್ಟಿ ಮಾಡಿದ ನಮ್ಮ ಒಡ್ಡರ ಕೆಲಸವೇ ಇದು. ಕೂಲಿಯಾಳಿನ ಬದಲು ಹಿಮ, ಬೇಸಗೆಯೊಂದರ ಬದಲು ಯುಗವೊಂದು.

ಬಣ್ಣದ ಗುಟ್ಟೂ ಅಲ್ಲೇ ಇದೆ. ಹಿಮದಡಿ ಸಿಕ್ಕ ಬಂಡೆ ಬೀಸುಕಲ್ಲಿಗೆ ಸಿಕ್ಕ ರಾಗಿಯಂತೆ ನುಣ್ಣಗಾಗುತ್ತದೆ. ಆ ಕಲ್ಲಹಿಟ್ಟು ಎಷ್ಟು ಹಗುರವೆಂದರೆ ನೀರಿನಲ್ಲಿ ಬೇಗ ತಳ ಸೇರದೆ ತೇಲುತ್ತಲೇ ಇರುತ್ತದೆ. ಬಿಸಿಲಿನ ಕೆಂಪನ್ನು ನೀರು ನುಂಗುತ್ತದೆ, ನೀಲಿ ಹಸಿರನ್ನು ಈ ಹಿಟ್ಟು ಚೆದುರಿಸಿ ನಮ್ಮ ಕಣ್ಣಿಗೆ ಮರಳಿಸುತ್ತದೆ. ಹೊಸ ಹಿಟ್ಟು ಹೆಚ್ಚು ಬರುವ ಕೆರೆ ಹಾಲು ಬೆರೆಸಿದ ಹಸಿರು. ಹಿಟ್ಟು ಇಳಿದು ತಿಳಿಯಾದ ಕೆರೆ ಕಡುನೀಲಿ. ಮರುದಿನ ಗಡ್‌ಸರ್ ಕಣಿವೆಯ ಏರು ಹತ್ತುವಾಗ ನಾಲ್ಕು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಳ್ಳಬೇಕಾಯಿತು. 4,200 ಮೀಟರ್ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಕಡಲ ಮಟ್ಟದ ಶೇ 60ರಷ್ಟೇ. ಹಾಗೆ ನಿಂತಾಗಲೇ ಹಿಂತಿರುಗಿ ನೋಡಿದ್ದು. ಮೇಲೆ ಕಿಶನ್‌ಸರ್, ಕೆಳಗೆ ವಿಶನ್‌ಸರ್. ಕೃಷ್ಣನ ಸರ, ವಿಷ್ಣುವಿನ ಸರ. ಒಂದೇ ಬಿಸಿಲು, ಎರಡು ಬಣ್ಣ. ಎರಡರ ನಡುವೆ ಬೆಳ್ಳಿಯ ಗೆರೆಯಂತೆ ಹರಿಯುವ ತೊರೆ.

ಆ ಗೆರೆ ನನ್ನನ್ನು ಊರಿಗೆ ಒಯ್ದಿತು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ಸರಪಳಿ ಕೆರೆಗಳೆಂದು ನಾವು ಕರೆಯುವುದು ಇದನ್ನೇ. ಕಿಶನ್‌ಸರ್‌ನ ಕೋಡಿ ವಿಶನ್‌ಸರ್‌ಗೆ, ವಿಶನ್‌ಸರ್‌ನ ಕೋಡಿ ಕಿಶನ್‌ಗಂಗೆಗೆ. ಗಡಿ ದಾಟಿದ ಮೇಲೆ ಆ ನದಿಯ ಹೆಸರು ನೀಲಂ ಆಗುತ್ತದೆ, ಮುಜಫರಾಬಾದಿನ ಬಳಿ ಝೇಲಂ ಸೇರುತ್ತದೆ.

ದಾರಿಯುದ್ದಕ್ಕೂ ಬಕರವಾಲರ ಕುರಿಮಂದೆಗಳು. ಜಮ್ಮುವಿನ ತಪ್ಪಲಿನಿಂದ ಬೇಸಗೆಗೆ ಮೇಲೇರಿ ಬಂದು, ಚಳಿ ಹತ್ತಿದೊಡನೆ ಇಳಿದು ಹೋಗುವ ಜನ. ಹೆಗಲ ಮೇಲಿನ ಕಂಬಳಿ, ಮಂದೆಯ ಸುತ್ತ ಸುಳಿಯುವ ನಾಯಿ, ದೂರದ ಕುರಿಯನ್ನು ಕರೆಯುವ ಆ ಬಾಯ್ಸದ್ದು, ಎಲ್ಲದರಲ್ಲೂ ನಮ್ಮ ಕುರುಬರನ್ನೇ ಕಂಡೆ.

ಸತ್‌ಸರ್‌ನಲ್ಲಿ ಇರುಳೆಲ್ಲ ಮಳೆ. ಡೇರೆಯೊಳಗೆ ನಿದ್ದೆ ಬರಲಿಲ್ಲ. ಮಳೆಗಾಲದ ಇಂಥ ರಾತ್ರಿಗಳಲ್ಲಿ ತಾತ ಲಾಟೀನು ಹಿಡಿದು ಏರಿಯ ಮೇಲೆ ನಡೆಯುತ್ತಿದ್ದ. ಏಡಿಯ ಬಿಲವೊಂದು ಸಾಕು ಕೆರೆ ಒಡೆಯಲು ಎನ್ನುತ್ತಿದ್ದ. ಹಿಮ ಕಟ್ಟಿದ ಏರಿಗೂ ಅದೇ ಭಯ. ಅದು ಸಡಿಲ ಕಲ್ಲುಮಣ್ಣು, ತುಳಿದು ಗಟ್ಟಿ ಮಾಡಿದವರಿಲ್ಲ. 2013ರ ಜೂನ್‌ನಲ್ಲಿ ಕೇದಾರನಾಥದ ಮೇಲಿನ ಚೋರಾಬಾರಿ ಕೆರೆ ಒಡೆಯಿತು. 2023ರ ಅಕ್ಟೋಬರ್‌ನಲ್ಲಿ ಸಿಕ್ಕಿಮಿನ ದಕ್ಷಿಣ ಲೋನಕ್ ಕೆರೆಯ ನೀರು ಏರಿಯನ್ನು ಸೀಳಿ ನುಗ್ಗಿ ಚುಂಗ್‌ಥಾಂಗ್‌ನ ಅಣೆಕಟ್ಟನ್ನೇ ಕೊಚ್ಚಿಕೊಂಡು ಹೋಯಿತು. ಹಿಮನದಿಗಳು ಕರಗಿದಷ್ಟೂ ಹಿಮಾಲಯದಲ್ಲಿ ಹೊಸ ಕೆರೆಗಳು ಹುಟ್ಟುತ್ತಿವೆ, ಹಳೆಯವು ಊದುತ್ತಿವೆ. ಅವುಗಳ ಏರಿಯ ಮೇಲೆ ಲಾಟೀನು ಹಿಡಿದು ನಡೆಯುವವರು ಯಾರು? ಕೆಲವೆಡೆ ಉಪಗ್ರಹಗಳೂ ಅಳತೆಯ ಯಂತ್ರಗಳೂ ಆ ಕೆಲಸ ಮಾಡುತ್ತಿವೆ. ಕೆಳಗಿನ ಊರುಗಳಿಗೆ ಹೊತ್ತಿಗೆ ಸರಿಯಾಗಿ ಕೂಗು ಮುಟ್ಟಬೇಕು, ಅದೇ ನನಗಿರುವ ಆತಂಕ.

ಆರನೆಯ ದಿನ ಗಂಗಾಬಲ್. 5,142 ಮೀಟರ್ ಎತ್ತರದ ಹರಮುಖದ ಬುಡದಲ್ಲಿ, ಎರಡು ಕಿಲೋಮೀಟರಿಗೂ ಮೀರಿದ ಉದ್ದದ ನೀರು. 1856ರಲ್ಲಿ ಸರ್ವೇಯರ್ ಮಾಂಟ್‌ಗೊಮೆರಿ ಈ ಹರಮುಖದ ಕಡೆಯಿಂದಲೇ ದೂರದ ಕಾರಾಕೋರಂ ನೋಡಿ ಎರಡು ಶಿಖರಗಳಿಗೆ ಕೆ1, ಕೆ2 ಎಂದು ಗುರುತು ಹಾಕಿದ. ಕಾಶ್ಮೀರಿ ಪಂಡಿತರಿಗೆ ಈ ಕೆರೆಯೇ ಗಂಗೆ. ಸತ್ತವರ ಅಸ್ಥಿಯನ್ನು ತಲೆಮಾರುಗಳಿಂದ ಇಲ್ಲಿಗೆ ಹೊತ್ತು ತಂದಿದ್ದಾರೆ. ಭಾದ್ರಪದದ ಯಾತ್ರೆ ಬಹುಕಾಲ ನಿಂತುಹೋಗಿ, ಈಚಿನ ವರ್ಷಗಳಲ್ಲಿ ಮತ್ತೆ ಶುರುವಾಗಿದೆ. ದಡದಲ್ಲಿ ಕೂತವನಿಗೆ ಅಜ್ಜಿ ಹಾಡುತ್ತಿದ್ದ ‘ಕೆರೆಗೆ ಹಾರ’ ನೆನಪಾಯಿತು. ಕಟ್ಟಿಸಿದ ಕೆರೆಗೆ ನೀರು ಬಾರದೆ ಕಿರಿಸೊಸೆ ಭಾಗೀರಥಿಯನ್ನು ಬಲಿಕೊಟ್ಟ ಕಥೆ ಅದು. ಇಲ್ಲಿ ಯಾವ ಭಾಗೀರಥಿಯನ್ನೂ ಕೇಳದೆ ನೀರು ತುಂಬಿ ನಿಂತಿತ್ತು. ಅಂಗೈಯಲ್ಲಿ ತುಂಬಿಕೊಂಡೆ. ಬೆರಳು ಮರಗಟ್ಟುವಷ್ಟು ತಂಪು. ಬಹಳ ಹೊತ್ತು ಅಲ್ಲಿಂದ ಏಳಲಾಗಲಿಲ್ಲ.

“ಚಳಿಗಾಲದಲ್ಲಿ ಇದರ ಮೇಲೆ ಕುದುರೆ ಓಡಿಸಬಹುದು, ಅಷ್ಟು ಗಟ್ಟಿ ಮಂಜು,” ಎಂದರು ನಮ್ಮ ಕುದುರೆಯ ಚಾಚಾ.

“ಹಾಗಾದರೆ ಮೀನು, ಚಾಚಾ?”

“ಅವು ಕೆಳಗಿರ್ತವೆ, ಬೆಚ್ಚಗೆ.”

ಅವರ ಮಾತು ಸರಿ. ನೀರು ಎಲ್ಲಕ್ಕಿಂತ ಭಾರವಾಗಿರುವುದು 4 ಡಿಗ್ರಿಯಲ್ಲಿ. ಆ ನೀರು ತಳಕ್ಕಿಳಿಯುತ್ತದೆ, ಮಂಜುಗಡ್ಡೆ ಮೇಲೆ ಮುಚ್ಚಳವಾಗುತ್ತದೆ. ಬ್ರಿಟಿಷರ ಕಾಲದಲ್ಲಿ ಕಾಶ್ಮೀರಕ್ಕೆ ಬಂದ ಟ್ರೌಟ್ ಮೀನು ಹಾಗೆಯೇ ಚಳಿಗಾಲ ಕಳೆಯುತ್ತದೆ.

ಕೊನೆಯ ದಿನ ಮೊಣಕಾಲು ನೋಯುವಷ್ಟು ಇಳಿಜಾರು. ಕೆಳಗೆ ನಾರಾನಾಗ್‌ನಲ್ಲಿ ಹಳೆಯ ಶಿವಾಲಯಗಳ ಹಾಳು, ಪಕ್ಕದಲ್ಲಿ ಕಲ್ಲು ಕಟ್ಟಿದ ಕೊಳ, ಒಳಗೆ ಚಿಲುಮೆ. ಕಾಶ್ಮೀರದಲ್ಲಿ ಚಿಲುಮೆಗೆ ನಾಗ್ ಎಂದೇ ಹೆಸರು, ನೀರಿನೊಡೆಯ ನಾಗನೆಂಬ ಹಳೆಯ ನಂಬಿಕೆ. ನಮ್ಮೂರ ಏರಿಯ ಅರಳಿಕಟ್ಟೆಯ ಮೇಲೂ ನಾಗರಕಲ್ಲುಗಳಿವೆ. ವಾರದ ಬಳಿಕ ಮನುಷ್ಯರ ಕೈ ಸೋಕಿದ ನೀರನ್ನು ನೋಡಿದಂತಾಯಿತು. ಕಲ್ಲಿನಂಚಿನಲ್ಲಿ ಕೂತು ಕಾಲು ತೊಳೆದುಕೊಂಡೆ.

ಕಂಗನ್ ಹತ್ತಿರ ಬಂದಾಗ ಫೋನಿಗೆ ಜೀವ ಬಂತು. ಅಪ್ಪನಿಗೆ ಫೋನು ಮಾಡಿ ನೀರಿನ ಬಣ್ಣವನ್ನೆಲ್ಲ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು.

“ಏರಿ ಯಾರು ಕಟ್ಟಿದ್ದು?”

“ಹಿಮ ಕಟ್ಟಿದ್ದಪ್ಪಾ.”

“ಕೋಡಿ ಎಲ್ಲಿ ಬೀಳ್ತತೆ?”

“ಗಂಗಾಬಲ್‌ದು ಕೆಳಗಿನ ನಂದ್‌ಕೋಲ್ ಕೆರೆಗೆ. ಅಲ್ಲಿಂದ ಹಳ್ಳ ಹಿಡ್ದು ಸಿಂಧ್ ಹೊಳೆಗೆ.”

“ಮತ್ತೆ ಅಚ್ಚುಕಟ್ಟು?”

ಜೀಪಿನ ಕಿಟಕಿಯಾಚೆ ಸಿಂಧ್ ಹೊಳೆಯ ಎರಡೂ ದಡದಲ್ಲಿ ಗದ್ದೆಗಳು ಮೆಟ್ಟಿಲು ಮೆಟ್ಟಿಲಾಗಿ ಇಳಿದಿದ್ದವು. ತೆನೆ ಬಾಗತೊಡಗಿತ್ತು.

“ಇಲ್ಲೇ ಐತಪ್ಪಾ,” ಎಂದೆ. “ಭತ್ತ.”